ಗ್ರಾಹಕ ಕಂಪನಿಯ ಚೆಕ್ ವಾಪಸಾಗಿದೆ: ಕಾಯಬೇಕೆ, ಕೋರ್ಟಿಗೆ ಹೋಗಬೇಕೆ?

ಪ್ರಶ್ನೆ: ನಮ್ಮದು ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ, ನಾನೊಬ್ಬನೇ ಅದರ ಮಾಲೀಕ. ಐದು ವರ್ಷಗಳಿಂದ ನಮ್ಮಲ್ಲಿ ಮಾಲು ಕೊಳ್ಳುತ್ತಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ಒಟ್ಟು 6,30,000 ರೂಪಾಯಿ ಬಾಕಿ ಉಳಿಸಿಕೊಂಡಿದೆ. ಅದರಲ್ಲಿ ಮೂರು ಬಿಲ್ಲುಗಳ ಬಾಬ್ತು ಜೂನ್ 2ರ ದಿನಾಂಕ ಹಾಕಿ 4,80,000 ರೂಪಾಯಿಗೆ ಚೆಕ್ ಕೊಟ್ಟಿದ್ದರು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ಅದು ವಾಪಸಾಯಿತು. ಬ್ಯಾಂಕಿನ ಮೆಮೊ ಜೂನ್ 10ರಂದು ನನ್ನ ಕೈಸೇರಿದೆ. ನಾಲ್ಕು ದಿನ ಬಿಟ್ಟು ಕಂಪನಿಯಿಂದ 80,000 ರೂಪಾಯಿ ನನ್ನ ಖಾತೆಗೆ ಬಂತು. ಯಾವ ಬಾಬ್ತು ಎಂದು ಬರೆದಿಲ್ಲ. ‘ಅದೇ ಚೆಕ್ಕನ್ನು ಮುಂದಿನ ತಿಂಗಳು ಮತ್ತೆ ಹಾಕಿ, ಪಾಸಾಗುತ್ತದೆ’ ಎಂದು ನಿರ್ದೇಶಕರು ಹೇಳುತ್ತಿದ್ದಾರೆ. ಪೊಲೀಸರಿಗೆ ದೂರು ಕೊಡಬೇಕೆ, ಕೋರ್ಟಿಗೆ ಹೋಗಬೇಕೆ, ಕಾಯಬೇಕೆ?

ಉತ್ತರ: ಕಾಯಬಹುದು, ಆದರೆ ಜುಲೈ 10ರವರೆಗೆ ಮಾತ್ರ. ಚೆಕ್ ವಾಪಸಾದ ಪ್ರಕರಣಗಳಲ್ಲಿ ಹಣ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಮೊದಲ ಮೂವತ್ತು ದಿನಗಳಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಮೊದಲು ದಿನಾಂಕಗಳ ಲೆಕ್ಕ ನೋಡೋಣ.

ನಿಮಗೆ ಅನ್ವಯಿಸುವ ಮುಖ್ಯ ಕಾನೂನು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಹಣವಿಲ್ಲದ ಖಾತೆಯ ಮೇಲೆ ಚೆಕ್ ಕೊಡುವುದನ್ನು ಅಪರಾಧವಾಗಿಸಿದ 138ನೇ ಸೆಕ್ಷನ್ ಅದಕ್ಕೆ ಸೇರಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಿಂದ. ಚೆಕ್ ವಾಪಸಾದ ಮಾತ್ರಕ್ಕೆ ಈ ಸೆಕ್ಷನ್ನಿನಡಿ ಅಪರಾಧ ಪೂರ್ಣವಾಗುವುದಿಲ್ಲ. ಚೆಕ್ಕನ್ನು ಅದರ ಅವಧಿಯೊಳಗೆ, ಅಂದರೆ 2012ರ ಏಪ್ರಿಲ್‌ನಿಂದ ಈಚೆಗೆ ಮೂರು ತಿಂಗಳೊಳಗೆ, ಬ್ಯಾಂಕಿಗೆ ಹಾಜರುಪಡಿಸಿರಬೇಕು. ವಾಪಸಾದ ಮಾಹಿತಿ ಬ್ಯಾಂಕಿನಿಂದ ದೊರೆತ ಮೂವತ್ತು ದಿನಗಳೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳುಹಿಸಿರಬೇಕು. ನೋಟಿಸ್ ತಲುಪಿದ ಹದಿನೈದು ದಿನಗಳೊಳಗೆ ಅವರು ಹಣ ಕೊಡದೆ ಉಳಿದಿರಬೇಕು. ಆ ಹದಿನೈದನೆಯ ದಿನ ಕಳೆದ ಮೇಲಷ್ಟೇ ನಿಮಗೆ ದೂರಿನ ಹಕ್ಕು ಹುಟ್ಟುತ್ತದೆ, ಮತ್ತು ಅಲ್ಲಿಂದ ಒಂದು ತಿಂಗಳೊಳಗೆ ದೂರು ನ್ಯಾಯಾಲಯದಲ್ಲಿರಬೇಕು.

ನಿಮ್ಮ ಲೆಕ್ಕಕ್ಕೆ ಬರೋಣ. ಮೆಮೊ ಕೈಸೇರಿದ ಜೂನ್ 10ನ್ನು ಬಿಟ್ಟು 11ರಿಂದ ಎಣಿಸಿದರೆ ಮೂವತ್ತನೆಯ ದಿನ ಜುಲೈ 10. ನೀವು ಜೂನ್ 20ರಂದು ನೋಟಿಸ್ ಕಳುಹಿಸಿ ಅದು 24ರಂದು ಅವರ ಕೈಸೇರಿತು ಎಂದಿಟ್ಟುಕೊಳ್ಳಿ. ಅವರ ಹದಿನೈದು ದಿನ ಜುಲೈ 9ಕ್ಕೆ ಮುಗಿಯುತ್ತದೆ. ಜುಲೈ 10ರಂದು ದೂರಿನ ಹಕ್ಕು ಹುಟ್ಟುತ್ತದೆ. ಆಗಸ್ಟ್ 10ರೊಳಗೆ ದೂರು ದಾಖಲಾಗಬೇಕು. ಅವಸರಪಟ್ಟು ಜುಲೈ 9ರಂದೇ ದೂರು ಕೊಟ್ಟರೆ ಅದು ಅಕಾಲಿಕ. ಅಂಥ ದೂರು ನಿಲ್ಲದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೂರು ತಡವಾದರೆ ಸಕಾರಣ ತೋರಿಸಿ ನ್ಯಾಯಾಲಯದಿಂದ ಮನ್ನಾ ಪಡೆಯುವ ಅವಕಾಶವಿದೆ. ನೋಟಿಸ್ ತಡವಾದರೆ ಅಂಥ ಮನ್ನಾ ಇಲ್ಲ. ಈ ಒಂದು ವ್ಯತ್ಯಾಸ ತಿಳಿಯದೆ ಕೈಚೆಲ್ಲಿದ ಪ್ರಕರಣಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ಮತ್ತೆ ಹಾಕಿ ಎನ್ನುವ ಮಾತಿನ ವಿಚಾರ. ಅವಧಿಯೊಳಗೆ ಒಂದೇ ಚೆಕ್ಕನ್ನು ಎಷ್ಟು ಸಲವಾದರೂ ಹಾಜರುಪಡಿಸಬಹುದು, ಪ್ರತಿ ಸಲ ವಾಪಸಾದಾಗಲೂ ಹೊಸದಾಗಿ ಮೂವತ್ತು ದಿನಗಳ ಅವಕಾಶ ಸಿಗುತ್ತದೆ ಎಂದು ಎಂ.ಎಸ್.ಆರ್. ಲೆದರ್ಸ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದೆ. ಹಾಗಾಗಿ ನಿರ್ದೇಶಕರ ಸಲಹೆ ಕಾನೂನಿಗೆ ವಿರುದ್ಧವಲ್ಲ. ಆದರೆ ಜೂನ್ 2ರ ಚೆಕ್ಕಿನ ಆಯುಸ್ಸು ಸೆಪ್ಟೆಂಬರ್ ಆರಂಭಕ್ಕೆ ಮುಗಿಯುತ್ತದೆ. ‘ಇನ್ನೊಂದು ವಾರ’, ‘ತಿಂಗಳ ಕೊನೆ’ ಎನ್ನುತ್ತಾ ಆಗಸ್ಟ್ ದಾಟಿಸಿಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಹಳತಾದ ಚೆಕ್ಕು ಮತ್ತು ಗಡುವು ಮೀರಿದ ಮೆಮೊ. ಅದಕ್ಕಿಂತಲೂ ದೊಡ್ಡ ತೊಡಕೊಂದು ನಿಮ್ಮ ಪ್ರಕರಣದಲ್ಲಿದೆ. ಅದು ಆ 80,000 ರೂಪಾಯಿ.

ಚೆಕ್ ಕೊಟ್ಟ ಮೇಲೆ ಬಾಕಿಯ ಒಂದು ಭಾಗ ಸಂದಾಯವಾಗಿದ್ದರೆ, ಅದನ್ನು ಚೆಕ್ಕಿನ ಮೇಲೆ ನಮೂದಿಸಿ ಉಳಿದ ಮೊತ್ತಕ್ಕಷ್ಟೇ ಹಾಜರುಪಡಿಸಬೇಕು. ಹಾಗೆ ಮಾಡದೆ ಪೂರ್ಣ ಮೊತ್ತಕ್ಕೆ ಹಾಕಿದ ಚೆಕ್ ವಾಪಸಾದರೆ 138ನೇ ಸೆಕ್ಷನ್ ಅನ್ವಯಿಸದು ಎಂಬುದು 2022ರ ಸುಪ್ರೀಂ ಕೋರ್ಟ್ ತೀರ್ಪು. ಚೆಕ್ಕಿನಲ್ಲಿರುವ ಮೊತ್ತ ಹಾಜರುಪಡಿಸಿದ ದಿನ ನಿಜವಾಗಿಯೂ ಬಾಕಿ ಇರಬೇಕು ಎಂಬುದು ಅದರ ತರ್ಕ. ಆ 80,000 ಈ ಮೂರು ಬಿಲ್ಲುಗಳಿಗೆ ಸೇರಿದ್ದಾಗಿದ್ದು, ನೀವು ನಿರ್ದೇಶಕರ ಮಾತಿನಂತೆ 4,80,000ದ ಚೆಕ್ಕನ್ನು ಜುಲೈನಲ್ಲಿ ಹಾಗೆಯೇ ಮತ್ತೆ ಹಾಕಿದರೆ, ನಿಮ್ಮ ಕೈಯಾರೆ ಪ್ರಕರಣವನ್ನು ಕೆಡಿಸಿಕೊಂಡಂತೆ. ಅವರು ಇದನ್ನು ತಿಳಿದೇ ಹೇಳಿದರೋ ತಿಳಿಯದೆಯೋ, ಅದು ಬೇರೆ ಮಾತು.

ಹಾಗಾದರೆ ಆ ಹಣ ಯಾವ ಬಾಬ್ತಿಗೆ ಸೇರಬೇಕು? ಇದಕ್ಕೆ 1872ರ ಕರಾರು ಕಾಯ್ದೆಯಲ್ಲಿ ನೇರ ಉತ್ತರವಿದೆ. ಹಲವು ಬಾಕಿಗಳಿರುವ ಸಾಲಗಾರ ಹಣ ಕೊಡುವಾಗ ಇಂಥ ಬಾಕಿಗೆಂದು ಹೇಳಿದ್ದರೆ, ಅಥವಾ ಸಂದರ್ಭದಿಂದಲೇ ಅದು ತಿಳಿಯುವಂತಿದ್ದರೆ, ಅದಕ್ಕೇ ಜಮೆ ಮಾಡಬೇಕು; ಏನನ್ನೂ ಸೂಚಿಸದಿದ್ದರೆ ಯಾವ ಬಾಕಿಗೆ ಜಮೆ ಮಾಡಬೇಕೆಂಬ ಆಯ್ಕೆ ಹಣ ಪಡೆದವರದು. ನಿಮ್ಮ ಲೆಕ್ಕದಲ್ಲಿ ಚೆಕ್ಕಿಗೆ ಸೇರದ 1,50,000 ರೂಪಾಯಿ ಬೇರೆ ಬಾಕಿಯಿದೆ. ಬ್ಯಾಂಕ್ ವರ್ಗಾವಣೆಯ ಟಿಪ್ಪಣಿ, ಅದರ ಹಿಂದುಮುಂದಿನ ಇ-ಮೇಲ್, ವಾಟ್ಸ್ಆ್ಯಪ್ ಸಂದೇಶ ಎಲ್ಲವನ್ನೂ ನೋಡಿ. ಎಲ್ಲಿಯೂ ಚೆಕ್ಕಿನ ಅಥವಾ ಆ ಮೂರು ಬಿಲ್ಲುಗಳ ಪ್ರಸ್ತಾಪ ಇಲ್ಲದಿದ್ದರೆ, 80,000ವನ್ನು ಆ ಹಳೆಯ ಬಾಕಿಗೆ ಜಮೆ ಮಾಡಿಕೊಂಡಿರುವುದಾಗಿ ಬಿಲ್ ನಂಬರ್ ಸಹಿತ ಇಂದೇ ಇ-ಮೇಲ್‌ನಲ್ಲಿ ತಿಳಿಸಿ, ಲೆಡ್ಜರಿನಲ್ಲೂ ಹಾಗೆಯೇ ಬರೆಯಿರಿ. ಆಗ ಚೆಕ್ಕಿನ 4,80,000 ಪೂರ್ತಿಯಾಗಿ ಬಾಕಿ ಉಳಿಯುತ್ತದೆ. ಚೆಕ್ಕಿನ ಬಾಬ್ತು ಎಂದು ಅವರು ಬರೆದಿರುವುದು ಸಿಕ್ಕರೆ, ಆ ಚೆಕ್ಕನ್ನು ಮತ್ತೆ ಹಾಕುವ ಯೋಚನೆ ಬಿಡಿ; ಈಗಾಗಲೇ ವಾಪಸಾದ ಮೆಮೊ ಆಧರಿಸಿ, ಚೆಕ್ಕಿನ ಮೊತ್ತವನ್ನೂ ನಂತರ ಬಂದ ಹಣವನ್ನೂ ಮುಚ್ಚಿಡದೆ ಹೇಳುವ ನೋಟಿಸನ್ನು ವಕೀಲರಿಂದಲೇ ಬರೆಸಿ, ಇಲ್ಲವೇ ಉಳಿದ ಮೊತ್ತಕ್ಕೆ ಹೊಸ ಚೆಕ್ ಪಡೆಯಿರಿ.

ನೋಟಿಸ್ ಬರೆಯುವುದು ಸುಲಭವೆಂದು ತೋರುತ್ತದೆ. ಚೆಕ್ಕಿನ ಮೊತ್ತಕ್ಕೆ ಬಡ್ಡಿ, ವಕೀಲರ ಶುಲ್ಕ, ಉಳಿದ ಬಿಲ್ಲುಗಳ ಬಾಕಿ ಎಲ್ಲವನ್ನೂ ಕೂಡಿಸಿ ‘ಒಟ್ಟು ಇಷ್ಟು ಕೊಡಿ’ ಎಂದು ಒಂದೇ ಅಂಕಿ ಬರೆದ ನೋಟಿಸುಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ಕಾನೂನು ಕೇಳುವುದು ಚೆಕ್ಕಿನ ಮೊತ್ತದ ಬೇಡಿಕೆಯನ್ನು. ಬಡ್ಡಿಯನ್ನೂ ಖರ್ಚನ್ನೂ ಕೇಳಬಹುದು, ಆದರೆ ಪ್ರತ್ಯೇಕ ಸಾಲಿನಲ್ಲಿ, ಪ್ರತ್ಯೇಕ ಅಂಕಿಯಾಗಿ. ಈ ವಿಷಯದಲ್ಲಿ ನ್ಯಾಯಾಲಯ ಎಷ್ಟು ಬಿಗಿಯೆಂದರೆ, 2025ರ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಒಂದು ಕೋಟಿ ರೂಪಾಯಿಯ ಚೆಕ್ಕಿಗೆ ನೋಟಿಸಿನಲ್ಲಿ ಎರಡು ಕೋಟಿ ಎಂದು ಬಿದ್ದಿತ್ತು. ಬೆರಳಚ್ಚಿನ ತಪ್ಪು ಎಂಬ ವಿವರಣೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಪ್ರಕರಣವೇ ಬಿದ್ದುಹೋಯಿತು. ಆದ್ದರಿಂದ ಚೆಕ್ ನಂಬರ್, ದಿನಾಂಕ, ಬ್ಯಾಂಕಿನ ಶಾಖೆ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಮೆಮೊ ದಿನಾಂಕ, ವಾಪಸಾದ ಕಾರಣ ಇವಿಷ್ಟನ್ನೂ ಚೆಕ್ಕನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದ ಮೇಲೆ ಸಹಿ ಹಾಕಿ.

ನೋಟಿಸನ್ನು ಕಂಪನಿಯ ನೋಂದಾಯಿತ ಕಚೇರಿಗೂ, ಚೆಕ್ಕಿಗೆ ಸಹಿ ಹಾಕಿದ ನಿರ್ದೇಶಕರಿಗೂ, ವ್ಯವಹಾರ ನೋಡಿಕೊಳ್ಳುವ ಇತರ ನಿರ್ದೇಶಕರಿಗೂ ಪ್ರತ್ಯೇಕವಾಗಿ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಅಂಚೆ ರಸೀದಿ, ಸ್ವೀಕೃತಿ, ಟ್ರ್ಯಾಕಿಂಗ್ ವಿವರದ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ‘ಬಾಗಿಲು ಹಾಕಿದೆ’, ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ಹಿಂತಿರುಗಿದರೆ ಹೆದರಬೇಕಿಲ್ಲ. ಸರಿಯಾದ ವಿಳಾಸಕ್ಕೆ ಕಳುಹಿಸಿದ ನೋಟಿಸ್ ತಲುಪಿದಂತೆಯೇ ಎಂದು ನ್ಯಾಯಾಲಯ ಭಾವಿಸುತ್ತದೆ; ನಿಜವಾಗಿಯೂ ತಲುಪಿಲ್ಲ ಎನ್ನುವವರು ಸಮನ್ಸ್ ಬಂದ ಹದಿನೈದು ದಿನಗಳಲ್ಲಿ ಹಣ ಕಟ್ಟಿ ಪಾರಾಗಬಹುದೆಂದು 2007ರಲ್ಲೇ ತೀರ್ಮಾನವಾಗಿದೆ. ಹಿಂತಿರುಗಿದ ಆ ಲಕೋಟೆಯನ್ನು ಮಾತ್ರ ಒಡೆಯಬೇಡಿ. ಮುಚ್ಚಿದಂತೆಯೇ ನ್ಯಾಯಾಲಯಕ್ಕೆ ಹೋಗಲಿ.

ಪೊಲೀಸ್ ಠಾಣೆಯ ಪ್ರಶ್ನೆ. 138ನೇ ಸೆಕ್ಷನ್ನಿನ ಅಪರಾಧಕ್ಕೆ ಪೊಲೀಸರು ಎಫ್.ಐ.ಆರ್. ದಾಖಲಿಸುವುದಿಲ್ಲ, ಚೆಕ್ ಪಡೆದವರೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಖಾಸಗಿ ದೂರು ಹೂಡಬೇಕು. ವಂಚನೆಯೆಂದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನಡಿ ದೂರು ಕೊಡಬೇಕಾದರೆ, ಮಾಲು ಪಡೆಯುವಾಗಲೇ ಹಣ ಕೊಡಬಾರದೆಂಬ ದುರುದ್ದೇಶ ಇತ್ತು ಎಂದು ತೋರಿಸಬೇಕಾಗುತ್ತದೆ. ಐದು ವರ್ಷ ಸರಿಯಾಗಿ ಹಣ ಕೊಟ್ಟ ಗ್ರಾಹಕರ ಮೇಲೆ ಅದನ್ನು ಸಾಧಿಸುವುದು ಕಷ್ಟ. ಠಾಣೆಗೆ ಕರೆಸಿ ಬೆದರಿಸಿ ವಸೂಲಿ ಮಾಡಿಸೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಆ ಓಡಾಟದಲ್ಲಿ ಕಳೆದುಹೋಗುವುದು ನಿಮ್ಮ ಮೂವತ್ತು ದಿನ.

ದೂರು ಎಲ್ಲಿ ಎಂದರೆ, 2015ರ ತಿದ್ದುಪಡಿಯ ನಂತರ, ನಿಮ್ಮ ಖಾತೆಯ ಮೂಲಕ ಜಮೆಗೆ ಹಾಕಿದ ಚೆಕ್ಕಾದರೆ ನಿಮ್ಮ ಖಾತೆಯಿರುವ ಬ್ಯಾಂಕ್ ಶಾಖೆ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿ. ಗ್ರಾಹಕರ ಊರಿಗೆ ಅಲೆಯಬೇಕಿಲ್ಲ. ಚೆಕ್ ಕಂಪನಿಯದಾದ್ದರಿಂದ ಕಂಪನಿಯನ್ನೇ ಮೊದಲ ಆರೋಪಿಯಾಗಿ ಹೆಸರಿಸುವುದು ಕಡ್ಡಾಯ. ಕಂಪನಿಯನ್ನು ಬಿಟ್ಟು ನಿರ್ದೇಶಕರ ಮೇಲೆ ಮಾತ್ರ ಹೂಡಿದ ದೂರು ಊರ್ಜಿತವಲ್ಲ ಎಂದು ಗಾಡ್‌ಫಾದರ್ ಟ್ರಾವೆಲ್ಸ್ ಪ್ರಕರಣದಲ್ಲಿ 2012ರಲ್ಲಿ ತೀರ್ಪಾಗಿದೆ. ಹಾಗೆಂದು ಕಂಪನಿ ದಾಖಲೆಯಲ್ಲಿ ಹೆಸರಿರುವ ಎಲ್ಲರನ್ನೂ ಎಳೆದು ತರುವುದೂ ಜಾಣತನವಲ್ಲ. ಸಹಿ ಹಾಕಿದವರು, ವ್ಯವಸ್ಥಾಪಕ ನಿರ್ದೇಶಕರು ಮತ್ತು ನಿಮ್ಮೊಂದಿಗೆ ದಿನನಿತ್ಯ ವ್ಯವಹರಿಸಿದವರು ಸಾಕು. ಅವರ ಪಾತ್ರವೇನೆಂದು ದೂರಿನಲ್ಲಿ ಬಿಡಿಸಿ ಹೇಳಬೇಕು. ಸಂಬಂಧವಿಲ್ಲದ ನಿರ್ದೇಶಕರೊಬ್ಬರು ತಮ್ಮ ಹೆಸರು ಬಿಡಿಸಿಕೊಳ್ಳಲು ಹೈಕೋರ್ಟಿಗೆ ಹೋಗಿ ತಡೆ ತಂದರೆ ಇಡೀ ಪ್ರಕರಣ ನಿಲ್ಲಬಹುದು.

ವಿಚಾರಣೆಯಲ್ಲಿ ಕಾನೂನು ನಿಮ್ಮ ಕಡೆಗೆ ವಾಲಿರುತ್ತದೆ. ಚೆಕ್ಕಿನ ಮೇಲಿನ ಸಹಿ ಒಪ್ಪಿಕೊಂಡ ಮೇಲೆ, ಅದನ್ನು ಬಾಕಿ ತೀರಿಸಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಭಾವಿಸಿಕೊಂಡು ಹೊರಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಆದರೆ ಅನುಮಾನಕ್ಕೆಡೆಯಿಲ್ಲದಂತೆ ಸಾಬೀತುಪಡಿಸಬೇಕೆಂದು ಆರೋಪಿಗೆ ಯಾರೂ ಹೇಳುವುದಿಲ್ಲ. ಹೆಚ್ಚು ಸಂಭವನೀಯವೆನ್ನುವಂಥ ಒಂದು ಕಥೆಯನ್ನು, ನಿಮ್ಮ ಬಾಯಿಂದಲೇ ಪಾಟೀಸವಾಲಿನಲ್ಲಿ ಹೊರಡಿಸಿದರೂ ಅವರಿಗೆ ಸಾಕು. ‘ಅದು ಭದ್ರತೆಗೆಂದು ಕೊಟ್ಟ ಖಾಲಿ ಚೆಕ್’, ‘ಮಾಲು ಕಳಪೆಯಾಗಿತ್ತು’, ‘ಮಾಲೇ ಬಂದಿಲ್ಲ’ ಇವು ನಾವು ದಿನಾ ಕೇಳುವ ಮಾತುಗಳು. ಖಾಲಿ ಚೆಕ್ಕಾದರೂ ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟಿದ್ದರೆ ಹೊಣೆ ತಪ್ಪದು. ಭದ್ರತೆಯ ಚೆಕ್ಕಾದರೂ ಹಾಜರುಪಡಿಸಿದ ದಿನ ಬಾಕಿ ಇದ್ದರೆ 138 ಅನ್ವಯಿಸುತ್ತದೆ. ಹಣ ತಡೆಹಿಡಿಯಲು ಬ್ಯಾಂಕಿಗೆ ಸೂಚನೆ ಕೊಟ್ಟರೂ, ಖಾತೆಯನ್ನೇ ಮುಚ್ಚಿದರೂ ಪಾರಾಗಲಾಗದು ಎಂದು 1990ರ ದಶಕದ ಕೊನೆಯಲ್ಲೇ ತೀರ್ಮಾನವಾಗಿದೆ. ಆದರೆ ಮುಂಗಡವೆಂದು ಚೆಕ್ ಕೊಟ್ಟು, ಮಾಲು ಹೋಗುವ ಮೊದಲೇ ಆರ್ಡರ್ ರದ್ದಾಗಿದ್ದರೆ ಈ ಸೆಕ್ಷನ್ ಕೆಲಸಕ್ಕೆ ಬಾರದು.

ಮಾಲು ಬಂದಿಲ್ಲ ಎನ್ನುವ ಮಾತಿಗೆ ಉತ್ತರ ಕಾಗದದಲ್ಲಿರಬೇಕು. ಆರೋಪಿ ಪರ ವಕೀಲರು ಡೆಲಿವರಿ ಚಲನನ್ನು ಕೈಗೆ ಕೊಟ್ಟು ‘ಈ ಸಹಿ ಯಾರದು?’ ಎಂದು ಕೇಳಿದಾಗ, ‘ಗೋಡೌನಿನಲ್ಲಿದ್ದ ಹುಡುಗನದು, ಹೆಸರು ಗೊತ್ತಿಲ್ಲ’ ಎಂದು ದೂರುದಾರರು ತಡವರಿಸುವುದನ್ನು ನೋಡಿದ್ದೇನೆ. ಸೀಲು ಬಿದ್ದ ಚಲನ್, ಇ-ವೇ ಬಿಲ್, ಲಾರಿ ರಸೀದಿ, ಲೆಡ್ಜರಿನ ದೃಢೀಕೃತ ಪ್ರತಿ ಇವುಗಳ ಜೊತೆಗೆ ಹಲವರು ಮರೆಯುವ ಒಂದು ಸಾಕ್ಷ್ಯವಿದೆ. ನಿಮ್ಮ ಬಿಲ್ಲುಗಳ ಮೇಲೆ ಆ ಕಂಪನಿ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆದಿದ್ದರೆ, ಮಾಲು ಬಂದಿಲ್ಲವೆಂದು ಅವರು ಹೇಳುವುದು ಬಹಳ ಕಷ್ಟ. ಅದಲ್ಲದೆ, ಬಿಲ್ಲಿನ ದಿನದಿಂದ 180 ದಿನಗಳೊಳಗೆ ಪೂರೈಕೆದಾರರಿಗೆ ಹಣ ಕೊಡದ ಕೊಳ್ಳುಗರು ಆ ಜಮೆಯನ್ನು ಬಡ್ಡಿಸಹಿತ ಹಿಂತಿರುಗಿಸಬೇಕು. ನೋಟಿಸಿನಲ್ಲಿ ಇದೊಂದು ಸಾಲು ಇದ್ದರೆ ಅವರ ಲೆಕ್ಕ ವಿಭಾಗ ಚುರುಕಾಗುವುದುಂಟು.

ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ದಂಡದಿಂದ ನಿಮಗೆ ಪರಿಹಾರ ಕೊಡಿಸುವುದು ರೂಢಿ. ಆರೋಪಿ ತಪ್ಪೊಪ್ಪದಿದ್ದರೆ 143ಎ ಸೆಕ್ಷನ್ನಿನಡಿ ಚೆಕ್ ಮೊತ್ತದ ಶೇಕಡ 20ರವರೆಗೆ ಮಧ್ಯಂತರ ಪರಿಹಾರ ಕೇಳಬಹುದು, ನಿಮ್ಮ ಚೆಕ್ಕಿಗೆ ಅದು 96,000 ರೂಪಾಯಿ ಮೀರದು. ಕೊಡಲೇಬೇಕೆಂಬ ಕಡ್ಡಾಯ ನ್ಯಾಯಾಲಯಕ್ಕಿಲ್ಲ. ಶಿಕ್ಷೆಯ ವಿರುದ್ಧ ಮೇಲ್ಮನವಿ ಹೋದಾಗಲೂ ದಂಡದ ಅಥವಾ ಪರಿಹಾರದ ಕನಿಷ್ಠ ಶೇಕಡ 20ನ್ನು ಠೇವಣಿ ಇಡಿಸಲು ಅವಕಾಶವಿದೆ. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವವೆಂದರೆ, 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಈ ಒಂದೇ ಬಗೆಯವು ಎಂಬ ಅಂಕಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ವರ್ಷಗಳೇ ಹಿಡಿಯುತ್ತವೆ ಎಂದುಕೊಂಡೇ ಹೊರಡಿ.

ಇಲ್ಲಿಯೇ ವ್ಯಾಪಾರಿಗಳು ಮಾಡುವ ದುಬಾರಿ ತಪ್ಪೊಂದಿದೆ. ಕ್ರಿಮಿನಲ್ ಪ್ರಕರಣ ನಡೆಯುತ್ತಿದೆಯಲ್ಲ ಎಂಬ ನೆಮ್ಮದಿಯಲ್ಲಿ ಸಿವಿಲ್ ದಾವೆಯ ವಾಯಿದೆಯನ್ನು ಮರೆತುಬಿಡುತ್ತಾರೆ. 138ರ ಪ್ರಕರಣ ನಡೆಯುತ್ತಿದೆ ಎಂಬ ಕಾರಣಕ್ಕೆ ಸಿವಿಲ್ ದಾವೆಯ ಮೂರು ವರ್ಷದ ಗಡುವು ನಿಲ್ಲುವುದಿಲ್ಲ. ನಾಲ್ಕನೆಯ ವರ್ಷ ಆರೋಪಿ ಖುಲಾಸೆಯಾದರೆ, ಅಥವಾ ಸಹಿ ಹಾಕಿದವರು ತೀರಿಕೊಂಡರೆ, ಆಗ ಸಿವಿಲ್ ಬಾಗಿಲು ಮುಚ್ಚಿಹೋಗಿರುತ್ತದೆ. ಎರಡನ್ನೂ ಏಕಕಾಲಕ್ಕೆ ನಡೆಸಲು ಯಾವ ಅಡ್ಡಿಯೂ ಇಲ್ಲ. ಚೆಕ್ ಆಧಾರಿತ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆಯಾಗಿ ಹೂಡಬಹುದು; ಅಲ್ಲಿ ಪ್ರತಿವಾದಿ ಹತ್ತು ದಿನಗಳಲ್ಲಿ ಹಾಜರಾಗಬೇಕು, ವಾದ ಮಂಡಿಸಲು ನ್ಯಾಯಾಲಯದ ಅನುಮತಿಯನ್ನೂ ಪಡೆಯಬೇಕು. ಬಡ್ಡಿಯ ದರ ಚೆಕ್ಕಿನಲ್ಲಿ ಇಲ್ಲದಿದ್ದರೆ ವಾರ್ಷಿಕ ಶೇಕಡ 18ರಂತೆ ಕೇಳಲು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 80ನೇ ಸೆಕ್ಷನ್ ಆಸರೆಯಾಗುತ್ತದೆ. ಮೂರು ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಪಾರಿ ವಿವಾದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಸಂಧಾನ ಕಡ್ಡಾಯ, ಅದಕ್ಕೆ ಹಿಡಿದ ಕಾಲ ವಾಯಿದೆಯ ಲೆಕ್ಕಕ್ಕೆ ಸೇರದು.

ನಿಮ್ಮಂಥ ತಯಾರಿಕಾ ಘಟಕಕ್ಕೆ ಸಿವಿಲ್ ದಾವೆಗಿಂತ ಒಳ್ಳೆಯ ದಾರಿ 2006ರ ಎಂ.ಎಸ್.ಎಂ.ಇ. (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ ಎಂದು ನನ್ನ ಅಭಿಪ್ರಾಯ. ಮಾಲು ಪೂರೈಸುವ ಹೊತ್ತಿಗೆ ನಿಮ್ಮಲ್ಲಿ ಉದ್ಯಮ್ ನೋಂದಣಿ ಇದ್ದು, ನೀವು ಸೂಕ್ಷ್ಮ ಅಥವಾ ಸಣ್ಣ ಉದ್ಯಮದ ವರ್ಗದಲ್ಲಿದ್ದರೆ, ಕೊಳ್ಳುಗರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಅರ್ಜಿಯನ್ನು ಆನ್‌ಲೈನಿನಲ್ಲಿ ರಾಜ್ಯದ ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು; ಮೊದಲು ಸಂಧಾನ, ಆಗದಿದ್ದರೆ ಆರ್ಬಿಟ್ರೇಷನ್. ಮಂಡಳಿಯ ಆದೇಶವನ್ನು ಕೊಳ್ಳುಗರು ಪ್ರಶ್ನಿಸಬೇಕಾದರೆ ಮೊತ್ತದ ಶೇಕಡ 75ನ್ನು ಮೊದಲು ಠೇವಣಿ ಇಡಬೇಕು, ಇದರ ಬಲ ಅಲ್ಲಿದೆ. 6,30,000ದಲ್ಲಿ ಉಳಿದಿರುವುದೆಲ್ಲವನ್ನೂ, ಚೆಕ್ಕಿಗೆ ಸೇರದ ಬಾಕಿಯನ್ನೂ ಇಲ್ಲಿ ಕೇಳಬಹುದು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಮಾತ್ರ ಉದ್ಯಮ್ ನೋಂದಣಿ ಸಿಕ್ಕರೂ ಈ ಸೌಲಭ್ಯ ಇಲ್ಲ.

ದಿವಾಳಿ ಸಂಹಿತೆಯಡಿ ಕಂಪನಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್.ಸಿ.ಎಲ್.ಟಿ.) ಎಳೆಯುವ ಮಾತು ನಿಮಗೆ ಅನ್ವಯಿಸದು; ಅದಕ್ಕೆ ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇರಬೇಕು. ಆದರೆ ಬೇರೆ ಯಾರಾದರೂ ಅದನ್ನು ಮಾಡಿದರೆ, ಕಂಪನಿಯ ಮೇಲಿನ ಪ್ರಕರಣಗಳಿಗೆ ಬೀಳುವ ತಡೆಯಾಜ್ಞೆಯ (ಮೊರಟೋರಿಯಂ) ಅವಧಿಯಲ್ಲಿ ಅದರ ಮೇಲಿನ ನಿಮ್ಮ 138ರ ಪ್ರಕರಣ ಸ್ಥಗಿತವಾಗುತ್ತದೆ, ನಿರ್ದೇಶಕರ ಮೇಲಿನದು ಮುಂದುವರಿಯುತ್ತದೆ. ನಿರ್ದೇಶಕರನ್ನೂ ಮೊದಲೇ ಸೇರಿಸಿಕೊಳ್ಳಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ನೋಟಿಸ್ ತಲುಪಿದ ಮೇಲೆ ಬಹುಶಃ ರಾಜಿಯ ಫೋನು ಬರುತ್ತದೆ. ಬಂದರೆ ಮಾತನಾಡಿ, ಹಳೆಯ ಗ್ರಾಹಕರು, ಅವರ ಕಷ್ಟವೂ ನಿಜವಿರಬಹುದು. ಆದರೆ ಮಾತು ಎಷ್ಟೇ ಹಿತವಾಗಿರಲಿ, ನೋಟಿಸ್ ಹಿಂತೆಗೆದುಕೊಂಡಿದ್ದೇವೆ ಎಂದು ಎಲ್ಲೂ ಬರೆದುಕೊಡಬೇಡಿ, ದೂರಿನ ಗಡುವನ್ನು (ಮೇಲಿನ ಉದಾಹರಣೆಯಲ್ಲಿ ಆಗಸ್ಟ್ 10) ದಾಟಿಸಬೇಡಿ. ಕಂತುಗಳ ಒಪ್ಪಂದವಾದರೆ ದೂರು ದಾಖಲಾದ ಮೇಲೆ ನ್ಯಾಯಾಲಯದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ದಾಖಲಿಸಿ. ಅದಾಲತ್‌ನಲ್ಲಾದ ರಾಜಿ, ಅದು ಚೆಕ್ ಪ್ರಕರಣದ್ದಾದರೂ, ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ ಅಮಲ್ಜಾರಿ ಆಗುತ್ತದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣವನ್ನು ನಗದಾಗಿ ತಂದುಕೊಡುತ್ತೇವೆ ಎಂದರೆ, ಒಂದೇ ವ್ಯವಹಾರಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ದಂಡ ಬೀಳುವುದು ಪಡೆದವರಿಗೆ ಎಂಬುದು ನೆನಪಿರಲಿ. ಮೂಲ ಚೆಕ್ಕನ್ನು ಕೊನೆಯ ಕಂತು ನಿಮ್ಮ ಖಾತೆಯಲ್ಲಿ ಜಮೆಯಾಗಿರುವುದನ್ನು ಕಣ್ಣಾರೆ ನೋಡುವವರೆಗೆ ಅವರ ಕೈಗೆ ಕೊಡಬೇಡಿ.